ಬೀಗದ ಕೈ



ಬಳ್ಳಾರಿ ನಗರಕ್ಕೆ ಹತ್ತಿರದಲ್ಲೇ ಇರುವ ಕೊಳಗಲ್ಲು ಗ್ರಾಮವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅಕ್ಷರಕ್ಕೆ ಅದು ಹೊಸ ಊರಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತೀರಿಕೊಂಡು ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿಯನ್ನು ಅಲ್ಲಿ ದೊರೆತ ಕ್ರಿ.ಶ. 967ರ ಶಿಲಾಶಾಸನವು ತಿಳಿಸುತ್ತದೆ. ಸಾವಿರ ವರ್ಷಗಳಿಗೂ ಹಿಂದೆ ಬರೆದದ್ದನ್ನು ಕಲ್ಲಿನ ಮೇಲೆ ಕೆತ್ತಿ ಬಿಸಿಲುಮಳೆಗೆ ತೆರೆದಿಟ್ಟಿದ್ದರು. ಅದೇ ಊರಿನಲ್ಲಿ ನಾನು ಮಕ್ಕಳ ಪುಸ್ತಕಗಳಿಗೆ ಬೀಗ ಹಾಕಿದೆ. ಆ ಕಥೆಯನ್ನು ಹೇಳಲು ಇಷ್ಟು ವರ್ಷ ಮನಸ್ಸಾಗಲಿಲ್ಲ. ಈಗ ಹೇಳುತ್ತೇನೆ.

2012ರಿಂದ ಕೆಲವು ವರ್ಷ ನಾನು ಪ್ರತಿ ಶುಕ್ರವಾರ ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಒಂದು ಬಾಡಿಗೆ ಕೋಣೆಯಲ್ಲಿ ಮಕ್ಕಳಿಗೆ ಸಂಜೆಯ ಪಾಠ ನಡೆಯುತ್ತಿತ್ತು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಹಾಜರಾತಿ ಅರ್ಧಕ್ಕಿಳಿಯುತ್ತಿತ್ತು. ಕೆಲವು ಮಕ್ಕಳ ಮನೆಮಾತು ತೆಲುಗು, ಶಾಲೆಯದು ಕನ್ನಡ. ಓದು ಎಂದರೆ ಅವರ ಪಾಲಿಗೆ ಪಠ್ಯಪುಸ್ತಕದ ಪ್ರಶ್ನೋತ್ತರವಷ್ಟೇ ಆಗಿತ್ತು. ಹಿತೈಷಿಗಳ ನೆರವಿನಿಂದ ನಾನು ನೂರ ನಲವತ್ತು ಕಥೆಪುಸ್ತಕಗಳನ್ನು ಕೊಂಡು ತಂದೆ. ಒಂದು ಮರದ ಬೀರುವನ್ನೂ ಮಾಡಿಸಿದೆ. ಪ್ರತಿ ಪುಸ್ತಕಕ್ಕೂ ಸಂಖ್ಯೆ ಬರೆದು, ಕಂದು ಕಾಗದದ ಹೊದಿಕೆ ಹಾಕಿ, ಎರಡು ದಪ್ಪ ರಿಜಿಸ್ಟರುಗಳನ್ನು ತೆರೆದೆ. ಗುರುಮಠದಲ್ಲಿ ಕಲಿತ ಶಿಸ್ತು ಅದು, ಸುಲಭವಾಗಿ ಹೋಗುವುದಿಲ್ಲ. ಬೀಗದ ಕೈ ನನ್ನ ಜೇಬಿನಲ್ಲಿರುತ್ತಿತ್ತು. ಶುಕ್ರವಾರ ಸಂಜೆ ಆರರಿಂದ ಏಳರವರೆಗೆ ಬೀರು ತೆರೆಯುತ್ತಿತ್ತು.

ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಒಮ್ಮೆ ನನ್ನನ್ನು ಕೇಳಿದಳು: "ಫಾದರ್, ನೀವು ಬರದಿದ್ದ ದಿನ ಪುಸ್ತಕ ಒಳಗ ಏನ್ ಮಾಡ್ತಾವ್ರಿ?"

ನಾನು ನಕ್ಕೆ. ಉತ್ತರ ಕೊಟ್ಟ ನೆನಪಿಲ್ಲ. ಒಂದು ಮಳೆಗಾಲದಲ್ಲಿ ಅನಾರೋಗ್ಯದಿಂದ ಎರಡು ತಿಂಗಳು ನನಗೆ ಅಲ್ಲಿಗೆ ಹೋಗಲಾಗಲಿಲ್ಲ. ತಿರುಗಿ ಹೋಗಿ ಬಾಗಿಲು ತೆರೆದಾಗ ಕೆಳಗಿನ ಎರಡು ಅರೆಗಳ ತುಂಬ ಮಣ್ಣಿನ ಗೆರೆಗಳು. ಎರೆಭೂಮಿಯ ಗೆದ್ದಲು ಗೋಡೆಯಿಂದ ಬೀರುವಿಗೂ ಬೀರುವಿನಿಂದ ಪುಸ್ತಕಗಳಿಗೂ ದಾರಿ ಮಾಡಿಕೊಂಡಿತ್ತು. ಐವತ್ತಕ್ಕೂ ಹೆಚ್ಚು ಪುಸ್ತಕಗಳು ಹೋದವು. ಕೈಗೆತ್ತಿಕೊಂಡ ಒಂದರಲ್ಲಿ ಹೊದಿಕೆಯೂ ಸಂಖ್ಯೆಯೂ ಸರಿಯಾಗಿಯೇ ಇದ್ದವು, ಒಳಗೆ ಪುಟಗಳಿರಲಿಲ್ಲ. ರಿಜಿಸ್ಟರು ತೆರೆದು ನೋಡಿದೆ. ಆ ಪುಸ್ತಕವನ್ನು ಒಂದು ಮಗುವೂ ಒಯ್ದಿರಲಿಲ್ಲ.

ಆ ದುಃಖದಲ್ಲಿ, ದೆಹಲಿಯಲ್ಲಿದ್ದ ನನ್ನ ಗುರುಮಠದ ಸಹಪಾಠಿಯೊಬ್ಬರಿಗೆ ಪತ್ರ ಬರೆದೆ. ಅವರು ಸಾಂತ್ವನದ ಮಾತನ್ನೇನೂ ಬರೆಯಲಿಲ್ಲ. ಅದರ ಬದಲು, ಮಕ್ಕಳ ಪುಸ್ತಕಗಳಿಗಾಗಿಯೇ ಇರುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ವಿಷಯವನ್ನೂ, ನಮ್ಮ ದೇಶದಲ್ಲಿ ಅದರ ಪರವಾಗಿ ಕೆಲಸ ಮಾಡುವ ಸಂಘದ ವಿಷಯವನ್ನೂ ತಿಳಿಸಿ, ಅವರು ಹೇಗೆ ಮಾಡುತ್ತಾರೆಂದು ಓದಿ ನೋಡು ಎಂದರು. ಓದಿದೆ. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಆ ಸಂಸ್ಥೆಯ ಹೆಸರು ಇಂಟರ್‌ನ್ಯಾಷನಲ್ ಬೋರ್ಡ್ ಆನ್ ಬುಕ್ಸ್ ಫಾರ್ ಯಂಗ್ ಪೀಪಲ್, ಸಂಕ್ಷೇಪವಾಗಿ ಐಬಿಬಿವೈ. ಅದರ ಮೂಲದಲ್ಲಿ ಒಬ್ಬ ತಾಯಿ ಇದ್ದಾರೆ. ಯೆಲ್ಲಾ ಲೆಪ್ಮನ್ 1891ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಜನಿಸಿದ ಯೆಹೂದ್ಯ ಪತ್ರಕರ್ತೆ. ಚಿಕ್ಕ ವಯಸ್ಸಿಗೇ ವಿಧವೆಯಾದವರು. ಹಿಟ್ಲರನ ಆಡಳಿತದಲ್ಲಿ ಬದುಕಲಾಗದೆ 1936ರಲ್ಲಿ ಇಬ್ಬರು ಮಕ್ಕಳೊಡನೆ ಇಂಗ್ಲೆಂಡಿಗೆ ಹೋದರು. ಯುದ್ಧ ಮುಗಿದ ಮೇಲೆ, 1945ರಲ್ಲಿ, ಅಮೆರಿಕದ ಸೈನ್ಯದವರು ಜರ್ಮನಿಯ ಮಹಿಳೆಯರ ಮತ್ತು ಮಕ್ಕಳ ಅಗತ್ಯಗಳ ಬಗೆಗೆ ಸಲಹೆ ನೀಡಲು ಅವರನ್ನು ಕರೆದರು. ತನ್ನ ಜನರನ್ನು ಕೊಂದ ನೆಲಕ್ಕೆ ಮರಳುವುದು ಆ ತಾಯಿಗೆ ಎಷ್ಟು ಕಠಿಣವಾಗಿತ್ತೋ ನಾವು ಊಹಿಸಬಲ್ಲೆವೆ? ಆದರೂ ಬಂದರು. ಕಲ್ಲುಮಣ್ಣಿನ ರಾಶಿಗಳ ನಡುವೆ ಅಲೆಯುವ ಮಕ್ಕಳನ್ನು ಕಂಡರು. ಈ ಮಕ್ಕಳಿಗೆ ರೊಟ್ಟಿಯ ಜೊತೆಗೆ ಪುಸ್ತಕವೂ ಬೇಕು ಎಂದರು.

ಇಪ್ಪತ್ತು ದೇಶಗಳಿಗೆ ಅವರು ಪತ್ರ ಬರೆದರು. ಕೊಳ್ಳಲು ಹಣವಿರಲಿಲ್ಲ, ನಿನ್ನೆಯವರೆಗೆ ಶತ್ರುಗಳಾಗಿದ್ದ ದೇಶಗಳಿಂದ ಮಕ್ಕಳ ಪುಸ್ತಕಗಳನ್ನು ದಾನವಾಗಿ ಬೇಡಿದರು. ಬೆಲ್ಜಿಯಂ ಮೊದಲು ಒಲ್ಲೆನೆಂದಿತು. ಎರಡು ಸಲ ಜರ್ಮನರ ದಾಳಿಗೆ ತುತ್ತಾದ ದೇಶ ಅದು. ಲೆಪ್ಮನ್ ಇನ್ನೊಂದು ಪತ್ರ ಬರೆದರು: ಮೂರನೆಯ ದಾಳಿ ಆಗಬಾರದೆಂದೇ ಈ ಪುಸ್ತಕಗಳು ಬೇಕು ಎಂಬುದು ಅದರ ತಾತ್ಪರ್ಯ. ಬೆಲ್ಜಿಯಂ ಒಳ್ಳೆಯ ಪುಸ್ತಕಗಳನ್ನೇ ಆರಿಸಿ ಕಳುಹಿಸಿತು. 1946ರಲ್ಲಿ ಮ್ಯೂನಿಕ್ ನಗರದಲ್ಲಿ ಆ ಪುಸ್ತಕಗಳ ಪ್ರದರ್ಶನ ನಡೆಯಿತು. ಅದೂ ಎಲ್ಲಿ? ಹಿಟ್ಲರನು ತನ್ನ ಮೆಚ್ಚಿನ ಕಲೆಯ ಮೆರವಣಿಗೆಗೆಂದು ಕಟ್ಟಿಸಿದ್ದ ಭವನದಲ್ಲಿ! ಅದೇ ವರ್ಷದ ಕ್ರಿಸ್ತಜಯಂತಿಗೆ, ಕಾದಾಡಲು ಒಲ್ಲದೆ ಹೂವಿನ ಪರಿಮಳ ಹೀರುತ್ತ ಕುಳಿತ ಫರ್ಡಿನೆಂಡ್ ಎಂಬ ಹೋರಿಯ ಕಥೆಯನ್ನು ತಾವೇ ಜರ್ಮನ್ ಭಾಷೆಗೆ ತಂದು, ಸುದ್ದಿಪತ್ರಿಕೆಯ ಕಾಗದದಲ್ಲಿ 30,000 ಪ್ರತಿ ಅಚ್ಚು ಹಾಕಿಸಿ ಬರ್ಲಿನ್ನಿನ ಮಕ್ಕಳಿಗೆ ಹಂಚಿದರು.

ಇದನ್ನು ಓದುವಾಗ ನನಗೆ 2009ರ ಅಕ್ಟೋಬರ್ ನೆನಪಾಯಿತು. ಉತ್ತರ ಕರ್ನಾಟಕವೆಲ್ಲ ನೆರೆಯಲ್ಲಿ ಮುಳುಗಿದಾಗ ನಮ್ಮ ಸಿರುಗುಪ್ಪ ಸೀಮೆಯ ಹಳ್ಳಿಗಳೂ ನೀರುಪಾಲಾದವು. ನಾವೂ ಅಕ್ಕಿ, ಹೊದಿಕೆ, ಔಷಧಿ ಒಯ್ದೆವು. ಶಾಲೆಯ ಜಗುಲಿಯ ಮೇಲೆ ಇಡೀ ದಿನ ಸುಮ್ಮನೆ ಕುಳಿತಿದ್ದ ಮಕ್ಕಳಿಗೆ ಒಂದು ಚಿತ್ರಪುಸ್ತಕ ಒಯ್ಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯಲಿಲ್ಲ.

1949ರಲ್ಲಿ ಲೆಪ್ಮನ್ ಮ್ಯೂನಿಕ್ಕಿನಲ್ಲಿ ಅಂತರರಾಷ್ಟ್ರೀಯ ಮಕ್ಕಳ ಗ್ರಂಥಾಲಯವನ್ನು ಸ್ಥಾಪಿಸಿದರು. 1951ರಲ್ಲಿ ಅಲ್ಲಿಯೇ ಹಲವು ದೇಶಗಳ ಲೇಖಕರು, ಪ್ರಕಾಶಕರು, ಶಿಕ್ಷಕರು ಸಭೆ ಸೇರಿದರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಐಬಿಬಿವೈ ಹುಟ್ಟಿತು. ಇಂದು ಅದರ ಕಾರ್ಯಾಲಯ ಇರುವುದು ಬಾಸೆಲ್ ನಗರದಲ್ಲಿ. ಬಾಸೆಲ್! ಕನ್ನಡಿಗರಿಗೆ ಈ ಹೆಸರು ಅಪರಿಚಿತವೇ? 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನ್ ಆ ಊರಿನದು. 1841ರಲ್ಲಿ ಅವರು ಮುದ್ರಣಾಲಯ ತೆರೆದರು, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಟಿತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂದಿತು. ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಆದರೂ ಕನ್ನಡದ ಮಟ್ಟಿಗೆ ಅವರ ಋಣವನ್ನು ಒಪ್ಪದೆ ಇರುವವರು ಯಾರು?

ಇನ್ನು ಸಂಸ್ಥೆಯ ರಚನೆಗೆ ಬರೋಣ. ನಾನು ಹೇಳಬೇಕೆಂದಿರುವುದರ ತಿರುಳು ಇಲ್ಲಿಯೇ ಇದೆ.

'ರಾಷ್ಟ್ರೀಯ ಶಾಖೆಗಳು' ಎಂದೊಡನೆ ನಮಗೆ ಬ್ಯಾಂಕಿನ ಶಾಖೆ ನೆನಪಾಗುತ್ತದೆ. ಮುಖ್ಯ ಕಚೇರಿ ಹಣ ಕಳುಹಿಸುತ್ತದೆ, ವ್ಯವಸ್ಥಾಪಕರನ್ನು ನೇಮಿಸುತ್ತದೆ, ಸುತ್ತೋಲೆ ಹೊರಡಿಸುತ್ತದೆ, ಶಾಖೆ ನಡೆದುಕೊಳ್ಳುತ್ತದೆ. ಐಬಿಬಿವೈಯಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಬಾಸೆಲಿನವರು ಬಂದು ಯಾವ ದೇಶದಲ್ಲಿಯೂ ಶಾಖೆ ತೆರೆಯುವುದಿಲ್ಲ. ಆಯಾ ದೇಶದಲ್ಲಿ ಮಕ್ಕಳ ಪುಸ್ತಕಗಳನ್ನು ಬರೆಯುವವರು, ಚಿತ್ರ ಬಿಡಿಸುವವರು, ಪ್ರಕಟಿಸುವವರು, ಅನುವಾದಕರು, ಗ್ರಂಥಪಾಲಕರು, ಶಿಕ್ಷಕರು ತಾವೇ ಒಂದು ಕೂಟ ಕಟ್ಟಿಕೊಂಡು, ನಮ್ಮನ್ನು ಸೇರಿಸಿಕೊಳ್ಳಿ ಎಂದು ಅರ್ಜಿ ಕೊಡುತ್ತಾರೆ. ಕೂಟದ ಸ್ವರೂಪ ಹೀಗೆಯೇ ಇರಬೇಕೆಂಬ ಕಟ್ಟುನಿಟ್ಟಿಲ್ಲ. ಜರ್ಮನಿಯಲ್ಲಿ ಅನೇಕ ಸಂಘಗಳನ್ನು ಒಳಗೊಂಡ ಒಂದು ಒಕ್ಕೂಟ ಆ ಸ್ಥಾನದಲ್ಲಿದೆ. ಸ್ವಿಟ್ಜರ್ಲೆಂಡಿನಲ್ಲಿ ಮಕ್ಕಳ ಸಾಹಿತ್ಯದ ಅಧ್ಯಯನ ಸಂಸ್ಥೆಯೊಂದು ಆ ಕೆಲಸ ಮಾಡುತ್ತದೆ. ನಮ್ಮಲ್ಲಿ ಲೇಖಕರ ಮತ್ತು ಚಿತ್ರಕಾರರ ಸಂಘ. ಇಂಥ ಸುಮಾರು ಎಂಬತ್ತು ರಾಷ್ಟ್ರೀಯ ವಿಭಾಗಗಳಿವೆ.

ಹಣ ಯಾವ ಕಡೆಗೆ ಹರಿಯುತ್ತದೆಂಬುದನ್ನೂ ಗಮನಿಸಿ. ವಿಭಾಗಗಳು ಪ್ರತಿ ವರ್ಷ ಬಾಸೆಲಿಗೆ ವಂತಿಗೆ ಕಟ್ಟುತ್ತವೆ. ಎಲ್ಲ ದೇಶಗಳಿಗೂ ಒಂದೇ ಮೊತ್ತವಲ್ಲ. ಕೇಂದ್ರ ಕಾರ್ಯಾಲಯ ನಡೆಯುವುದು ಬಹುಮಟ್ಟಿಗೆ ಆ ವಂತಿಗೆಯಿಂದ ಮತ್ತು ದಾನಿಗಳಿಂದ. ಅಲ್ಲಿರುವವರು ಕೆಲವೇ ಮಂದಿ. ಎರಡು ವರ್ಷಗಳಿಗೊಮ್ಮೆ ಯಾವುದಾದರೊಂದು ದೇಶದಲ್ಲಿ ಮಹಾಸಮ್ಮೇಳನ ಸೇರುತ್ತದೆ. ಆಗ ವಿಭಾಗಗಳ ಸಾಮಾನ್ಯ ಸಭೆಯು ಅಧ್ಯಕ್ಷರನ್ನೂ, ಬೇರೆ ಬೇರೆ ದೇಶಗಳ ಹತ್ತು ಮಂದಿಯ ಕಾರ್ಯಕಾರಿ ಸಮಿತಿಯನ್ನೂ ಚುನಾಯಿಸುತ್ತದೆ. ಇವರಿಗೆ ಸಂಬಳವಿಲ್ಲ. ತಮ್ಮ ದೇಶದಲ್ಲಿ ವಿಭಾಗವೇ ಇಲ್ಲದವರು ವೈಯಕ್ತಿಕ ಸದಸ್ಯರಾಗಬಹುದು.

ಹಾಗಾದರೆ ವಿಭಾಗಗಳು ಮಾಡುವುದೇನು? ಮಕ್ಕಳ ಸಾಹಿತ್ಯದ ಅತ್ಯುನ್ನತ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಗೆ ಎರಡು ವರ್ಷಗಳಿಗೊಮ್ಮೆ ತಮ್ಮ ದೇಶದ ಒಬ್ಬ ಲೇಖಕರನ್ನೂ ಒಬ್ಬ ಚಿತ್ರಕಾರರನ್ನೂ ಸೂಚಿಸುವವರು ಅವರೇ. ಆ ಪ್ರಶಸ್ತಿ 1956ರಿಂದ ಲೇಖಕರಿಗೂ, 1966ರಿಂದ ಚಿತ್ರಕಾರರಿಗೂ ಸಲ್ಲುತ್ತಿದೆ. ಗೌರವಪಟ್ಟಿ ಎಂಬ ಇನ್ನೊಂದು ಪಟ್ಟಿಗೆ ತಮ್ಮ ದೇಶದ ಉತ್ತಮ ಬರವಣಿಗೆ, ಚಿತ್ರ ಮತ್ತು ಅನುವಾದಗಳನ್ನು ಆರಿಸಿ ಕಳುಹಿಸುವವರೂ ಅವರೇ. ಆಂಡರ್ಸನ್ನನ ಜನ್ಮದಿನವಾದ ಏಪ್ರಿಲ್ 2ನ್ನು 1967ರಿಂದ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನವಾಗಿ ಆಚರಿಸುತ್ತಾರೆ. ಪ್ರತಿ ವರ್ಷ ಒಂದು ವಿಭಾಗವು ಸಂದೇಶವನ್ನೂ ಭಿತ್ತಿಚಿತ್ರವನ್ನೂ ಸಿದ್ಧಪಡಿಸಿ ಜಗತ್ತಿಗೆಲ್ಲ ಕೊಡುತ್ತದೆ. 2005ರಲ್ಲಿ ಆ ಸರದಿ ಭಾರತದ್ದಾಗಿತ್ತು. ಪುಸ್ತಕಗಳೇ ನನ್ನ ಮಾಂತ್ರಿಕ ಕಣ್ಣುಗಳು ಎಂಬ ವಿಷಯದ ಮೇಲೆ ಮನೋರಮಾ ಜಫಾ ಅವರು ಸಂದೇಶ ಬರೆದರು.

ಒಂದು ಮಾತನ್ನು ಇಲ್ಲಿ ಸೇರಿಸುವೆ. 1931ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸರು ತಮ್ಮ ಸಾಮಾಜಿಕ ವಿಶ್ವಪತ್ರದಲ್ಲಿ, ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಅದರ ಕೈಯಿಂದ ಕಸಿದುಕೊಳ್ಳುವುದು ಅನ್ಯಾಯ ಎಂದು ಬೋಧಿಸಿದ್ದರು. ಗುರುಮಠದಲ್ಲಿ ಈ ತತ್ತ್ವದ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕಗಳನ್ನೇ ಪಡೆದಿದ್ದೆ. ಕೊಳಗಲ್ಲಿನ ಬೀರುವಿಗೆ ಬೀಗ ಹಾಕುವಾಗ ಅದು ನೆನಪಿಗೆ ಬರಲಿಲ್ಲ.

ಭಾರತದ ವಿಭಾಗವೆಂದರೆ ದೆಹಲಿಯ ಅಸೋಸಿಯೇಷನ್ ಆಫ್ ರೈಟರ್ಸ್ ಅಂಡ್ ಇಲಸ್ಟ್ರೇಟರ್ಸ್ ಫಾರ್ ಚಿಲ್ಡ್ರನ್, ಎಡಬ್ಲ್ಯುಐಸಿ. 1981ರಲ್ಲಿ ಅದನ್ನು ಆರಂಭಿಸಿದವರು 'ಶಂಕರ್ಸ್ ವೀಕ್ಲಿ'ಯ ವ್ಯಂಗ್ಯಚಿತ್ರಕಾರ ಕೆ. ಶಂಕರ ಪಿಳ್ಳೆ. 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದವರೂ ಅವರೇ. ಲೇಖಕರ ಸಂಘವೆಂದರೆ ಭಾಷಣ, ಬಹುಮಾನ, ಸನ್ಮಾನಗಳಲ್ಲೇ ಕಾಲ ಕಳೆಯುವುದನ್ನು ನಾವು ಕಂಡಿದ್ದೇವೆ. ಆದರೆ ಇವರು ಒಂದು ಪ್ರಶ್ನೆ ಕೇಳಿಕೊಂಡರು: ನಾವು ಬರೆದದ್ದು ಮಗುವಿನ ಕೈ ಸೇರುತ್ತಿದೆಯೇ? ಅದಕ್ಕೆ ಅವರು ಕಂಡುಕೊಂಡ ದಾರಿ ಮನೆ ಗ್ರಂಥಾಲಯ. ಕಟ್ಟಡವಿಲ್ಲ, ನೌಕರರಿಲ್ಲ. ಸ್ವಯಂಸೇವಕರಾಗಿ ಬಂದವರ ಮನೆಯಲ್ಲೇ, ವರಾಂಡದಲ್ಲೋ ಕೋಣೆಯ ಮೂಲೆಯಲ್ಲೋ ಒಂದಿಷ್ಟು ಪುಸ್ತಕಗಳು. ನೆರೆಹೊರೆಯ ಮಕ್ಕಳು ಅಲ್ಲಿಗೆ ಬರುತ್ತಾರೆ. ಈ ಕೆಲಸಕ್ಕೆ 1991ರಲ್ಲಿ ಐಬಿಬಿವೈ-ಅಸಾಹಿ ಓದು ಪ್ರೋತ್ಸಾಹ ಪ್ರಶಸ್ತಿ ದೊರೆಯಿತು. ಬಾಸೆಲಿನಿಂದ ಯಾರೂ ಈ ಯೋಜನೆಯನ್ನು ರೂಪಿಸಿ ಕಳುಹಿಸಿರಲಿಲ್ಲ.

1998ರ ಸೆಪ್ಟೆಂಬರಿನಲ್ಲಿ ಐಬಿಬಿವೈಯ 26ನೆಯ ಮಹಾಸಮ್ಮೇಳನವನ್ನು ಇದೇ ಸಂಘ ನವದೆಹಲಿಯಲ್ಲಿ ನಡೆಸಿತು. ವಿಷಯ: ಮಕ್ಕಳ ಪುಸ್ತಕಗಳ ಮೂಲಕ ಶಾಂತಿ. ಅದೇ ವರ್ಷದ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಅಣುಪರೀಕ್ಷೆ ನಡೆದಿತ್ತೆಂಬುದನ್ನು ನೆನೆದರೆ ಆ ವಿಷಯದ ಭಾರ ತಿಳಿದೀತು. ಆಗ ಜಪಾನಿನ ಸಾಮ್ರಾಜ್ಞಿಯಾಗಿದ್ದ ಮಿಚಿಕೊ ಅವರು ವೀಡಿಯೊ ಮೂಲಕ ಸಮ್ಮೇಳನಕ್ಕೆ ಭಾಷಣ ಮಾಡಿದರು. ತಮ್ಮ ಬಾಲ್ಯದಲ್ಲಿ ಕೇಳಿದ ಒಂದು ಬಸವನಹುಳುವಿನ ಕಥೆಯನ್ನು ಅವರು ನೆನೆದರು. ಆ ಹುಳು ಒಂದು ದಿನ ತನ್ನ ಚಿಪ್ಪಿನ ತುಂಬ ದುಃಖವೇ ಇದೆಯೆಂದು ಕಂಡುಕೊಂಡು, ಇನ್ನು ಬದುಕುವುದು ಹೇಗೆಂದು ಗೆಳೆಯನ ಬಳಿ ಹೋಗುತ್ತದೆ. ಅವನು, ನನ್ನ ಚಿಪ್ಪಿನಲ್ಲೂ ದುಃಖವೇ ಇದೆ ಎನ್ನುತ್ತಾನೆ. ಇನ್ನೊಬ್ಬನೂ ಹಾಗೆಯೇ, ಮತ್ತೊಬ್ಬನೂ ಹಾಗೆಯೇ. ಎಲ್ಲರ ಬೆನ್ನ ಮೇಲೂ ಅದು ಇದೆಯೆಂದು ತಿಳಿದ ಹುಳು ಅಳುವುದನ್ನು ಬಿಡುತ್ತದೆ. ಈ ಕಥೆಯನ್ನು ನಾನು ಕೊಳಗಲ್ಲಿನ ಮಕ್ಕಳಿಗೆ ಹೇಳಿದ್ದೇನೆ. ತಂದೆ ಗಣಿಯ ಕೆಲಸಕ್ಕೆ ಹೋಗಿ ಮರಳಿ ಬಾರದ ಹುಡುಗನೊಬ್ಬ, ಇನ್ನೊಮ್ಮೆ ಹೇಳಿ ಎಂದನು. ಮೂರನೆಯ ಸಲವೂ ಕೇಳಿದನು.

ಈ ವ್ಯವಸ್ಥೆಯಲ್ಲಿ ಕೊರತೆಯಿಲ್ಲವೆಂದು ನಾನು ಹೇಳಲಾರೆ. ಒಂದು ದೇಶಕ್ಕೆ ಒಂದೇ ವಿಭಾಗವೆಂಬ ನಿಯಮ ಒಂದೇ ಭಾಷೆಯ ದೇಶಕ್ಕೆ ಸಲೀಸು. ನಮ್ಮಂಥ ದೇಶದ ಗತಿ? ಹಲವು ಭಾಷೆಗಳಲ್ಲಿ ಮಕ್ಕಳ ಪುಸ್ತಕ ಪ್ರಕಟವಾಗುವ ದೇಶಗಳು ಗೌರವಪಟ್ಟಿಗೆ ಒಂದಕ್ಕಿಂತ ಹೆಚ್ಚು ಭಾಷೆಗಳ ಪುಸ್ತಕ ಕಳುಹಿಸಬಹುದೆಂಬ ಅವಕಾಶವೇನೋ ಇದೆ. ಆದರೂ ಕನ್ನಡದ ಪುಸ್ತಕವೊಂದು ಬಾಸೆಲಿಗೆ ಹೋಗಬೇಕಾದರೆ ದೆಹಲಿಯ ಮೂಲಕವೇ ಹೋಗಬೇಕು. ಅಲ್ಲಿ ಅದನ್ನು ಓದಬಲ್ಲವರು ಇರಬೇಕು. 1956ರಿಂದ 2024ರವರೆಗೆ ಭಾರತದ ಯಾವ ಲೇಖಕರಿಗೂ ಆಂಡರ್ಸನ್ ಪ್ರಶಸ್ತಿ ಬಂದಿಲ್ಲ. ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಒಬ್ಬರೇ ಬರೆದ ಶಿವರಾಮ ಕಾರಂತರಂಥವರು ನಮ್ಮಲ್ಲಿದ್ದರು, ಜಗತ್ತಿಗೆ ಅದರ ಸುಳಿವೂ ಇಲ್ಲ. ತಪ್ಪು ದೆಹಲಿಯದು, ಬಾಸೆಲಿನದು ಎನ್ನುವುದು ಸುಲಭ. ಜಪಾನಿನ ಕವಿ ಮಿಚಿಯೊ ಮಾದೊ ಅವರಿಗೆ 1994ರಲ್ಲಿ ಆ ಪ್ರಶಸ್ತಿ ಬಂದಿತು. ಅದಕ್ಕೆ ಎರಡು ವರ್ಷ ಮೊದಲು ಅವರ ಶಿಶುಗೀತೆಗಳು ಇಂಗ್ಲಿಷಿನಲ್ಲಿ ಪ್ರಕಟವಾಗಿದ್ದವು; ಅನುವಾದಿಸಿದವರು ಅದೇ ಸಾಮ್ರಾಜ್ಞಿ. ಕನ್ನಡದ ಶಿಶುಗೀತೆಗಳನ್ನು ಹಾಗೆ ಕೂತು ಅನುವಾದಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಕಾನ್ವೆಂಟುಗಳಲ್ಲಿ ಇಂಗ್ಲಿಷ್ ಕಲಿತವರಿಗೆ ನಮ್ಮ ಕುಟುಂಬಗಳಲ್ಲಂತೂ ಬರವಿಲ್ಲ.

ಮತ್ತೆ ಕೊಳಗಲ್ಲಿಗೆ ಬರುತ್ತೇನೆ. ಸಹಪಾಠಿಯ ಪತ್ರ ಓದಿದ ನಂತರ, ಗೆದ್ದಲು ಬಿಟ್ಟ ಎಂಬತ್ತೈದು ಪುಸ್ತಕಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿ, ಪಾಠದ ಕೋಣೆಯ ಎದುರು ಮನೆಯ ಒಬ್ಬ ತಾಯಿಯ ಬಳಿ ಒಯ್ದೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಿಂದ ಕತ್ತರಿಸಿದ ಬಟ್ಟೆ ತಂದು ಮನೆಯಲ್ಲೇ ಹೊಲಿದುಕೊಡುವಾಕೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಆಕೆ ಪೆಟ್ಟಿಗೆಗಳನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿ, ನೀಲಿ ಬಟ್ಟೆಯ ರಾಶಿಯ ಮೇಲೆಯೇ ಇಡಿಸಿದರು. ರಿಜಿಸ್ಟರುಗಳನ್ನೂ ಕೊಟ್ಟೆ. ಅವುಗಳನ್ನು ಹೇಗೆ ತುಂಬಬೇಕೆಂದು ಅರ್ಧ ಗಂಟೆ ವಿವರಿಸಿದೆ. ಆಕೆ ತಲೆಯಾಡಿಸುತ್ತಿದ್ದರು, ಯಂತ್ರ ನಿಂತಿರಲಿಲ್ಲ.

ಮೂರು ತಿಂಗಳ ನಂತರ ಲೆಕ್ಕ ನೋಡಲು ಹೋದೆ. ರಿಜಿಸ್ಟರಿನ ಮೊದಲ ಪುಟದಲ್ಲಿ ನಾಲ್ಕು ಹೆಸರುಗಳು, ಎರಡನೆಯ ಪುಟದಲ್ಲಿ ಯಾರೋ ಬಿಡಿಸಿದ ನವಿಲು. ಪುಸ್ತಕಗಳ ಹೊದಿಕೆಗಳೆಲ್ಲ ಹರಿದುಹೋಗಿದ್ದವು. ಕೆಲವಕ್ಕೆ ಜೀನ್ಸಿನ ದಾರದಿಂದ ಹೊಲಿಗೆ ಹಾಕಿದ್ದರು. ಅಂಥ ಗಟ್ಟಿ ಹೊಲಿಗೆಯನ್ನು ಯಾವ ಮುದ್ರಣಾಲಯವೂ ಹಾಕಲಾರದು. ಎಣಿಸಿದೆ. ಹದಿನೇಳು ಕಡಿಮೆ ಬಂದವು. ಮತ್ತೊಮ್ಮೆ ಎಣಿಸಿದೆ. ನನ್ನ ಮುಖ ಬಿಗಿದದ್ದನ್ನು ಆಕೆ ಕಂಡಿರಬೇಕು.

"ಹದಿನೇಳು ಹೋಗ್ಯಾವಲ್ಲಮ್ಮ" ಎಂದೆ.

"ಎಲ್ಲಿಗೆ ಹೋಗ್ತಾವ್ರಿ ಫಾದರ್? ಊರಾಗೇ ಅದಾವು" ಎಂದರು, ಸೂಜಿಗೆ ದಾರ ಏರಿಸುತ್ತ.

ಅದಕ್ಕೆ ನಾನು ಏನೂ ಹೇಳಲಿಲ್ಲ. ಒಪ್ಪಿಕೊಂಡೆನೆಂದು ತಿಳಿಯಬೇಡಿ, ಬಳ್ಳಾರಿಗೆ ಮರಳುವ ದಾರಿಯುದ್ದಕ್ಕೂ ಆ ಹದಿನೇಳರ ಬೆಲೆಯನ್ನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. ಮುಂದಿನ ವಾರ ಹೋದಾಗ ಐದು ತಿರುಗಿ ಬಂದಿದ್ದವು. ಜೊತೆಗೆ ನಾನು ಕೊಡದ, ಯಾರ ಮನೆಯಿಂದಲೋ ಬಂದ ಒಂದು ಹಳೆಯ ತೆಲುಗು ಕಥೆಪುಸ್ತಕವೂ ಪೆಟ್ಟಿಗೆಯಲ್ಲಿತ್ತು.

2020ರಲ್ಲಿ ಸರ್ಕಾರವು 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಳ್ಳತೊಡಗಿತು. ಅದು ಒಳ್ಳೆಯ ಕೆಲಸ. ನಿಮ್ಮ ಊರಿನಲ್ಲಿ ಅಂಥದ್ದಿದ್ದರೆ ನಿಮ್ಮ ಮಕ್ಕಳ ಹೆಸರು ಅಲ್ಲಿದೆಯೇ ಎಂದು ಒಮ್ಮೆ ವಿಚಾರಿಸಿ. ಆ ವೇಳೆಗೆ ನನಗೆ ಬೇರೆ ಧರ್ಮಕೇಂದ್ರಕ್ಕೆ ವರ್ಗವಾಗಿತ್ತು. ಹೊರಡುವ ಮುನ್ನ ಕೊಳಗಲ್ಲಿಗೆ ಹೋಗಿ ಖಾಲಿ ಬೀರುವನ್ನು ಏನು ಮಾಡಲಿ ಎಂದು ಕೇಳಿದಾಗ, ಆ ತಾಯಿಯ ಮನೆಯವರು ಅದರ ಬಾಗಿಲುಗಳನ್ನು ಕಳಚಿ, ಗೆದ್ದಲು ಹಿಡಿದ ಹಲಗೆಗಳನ್ನು ತೆಗೆದು, ಉಳಿದದ್ದರಲ್ಲಿ ಎರಡು ಅರೆಗಳ ಒಂದು ಗೂಡು ಮಾಡಿಕೊಂಡರು. ಬೀಗದ ಕೈ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಬೀಗ ಎಲ್ಲಿದೆಯೋ ತಿಳಿಯದು.